ಹಸುಳೆಯ ಹೆಲ್ಮೆಟ್ಟೂ ಹಿರಿಯರ ಪ್ರಾರ್ಥನೆಯೂ

ಮಾನ್ಯ ಸಂಪಾದಕರೇ,

ತಲೆಯ ಒಂದು ಪಕ್ಕ ಚಪ್ಪಟೆಯಾದ ಹಸುಳೆಗಳಿಗೆ ತೊಡಿಸುವ ಹೆಲ್ಮೆಟ್ ಕುರಿತು ತಾವು ಆರೋಗ್ಯ ಪುಟದಲ್ಲಿ ಪ್ರಕಟಿಸಿದ ಲೇಖನವನ್ನೂ ಅದಕ್ಕೆ ಪ್ರತಿಕ್ರಿಯೆಯಾಗಿ ಬಂದ ಎರಡು ಪತ್ರಗಳನ್ನೂ ಓದಿದೆ. ಒಬ್ಬ ಓದುಗರು, ದೇವರು ಕೊಟ್ಟ ತಲೆಯನ್ನು ಪ್ಲಾಸ್ಟಿಕ್ ಚಿಪ್ಪಿಗೆ ತುರುಕಿ ತಿದ್ದಲು ಹೊರಡುವುದು ಕೂಸಿಗೆ ಕೊಡುವ ಹಿಂಸೆ ಎಂದು ಬರೆದಿದ್ದರು. ಇನ್ನೊಬ್ಬರು, ಇಂಥ ವಿಷಯದಲ್ಲಿ ದೇವರ ಹೆಸರೆತ್ತುವುದೇ ತಪ್ಪು, ವೈದ್ಯರು ಹೇಳಿದ್ದನ್ನು ಮಾಡಿ ಸುಮ್ಮನಿರಬೇಕು ಎಂದು ಉತ್ತರಿಸಿದ್ದರು. ಇಬ್ಬರಲ್ಲಿ ಯಾರೂ ಅಂಥ ಹೆಲ್ಮೆಟ್ ತೊಟ್ಟ ಮಗುವಿನ ಮಗ್ಗುಲಲ್ಲಿ ಒಂದು ರಾತ್ರಿಯನ್ನಾದರೂ ಕಳೆದಂತೆ ಕಾಣಲಿಲ್ಲ. ನಾನು ಕಳೆದಿದ್ದೇನೆ. ಆದ್ದರಿಂದ ತಮ್ಮ ಪುಟದಲ್ಲಿ ವಾಡಿಕೆಗಿಂತ ಹೆಚ್ಚು ಜಾಗ ಕೇಳುತ್ತಿದ್ದೇನೆ, ಕ್ಷಮಿಸಬೇಕು.

ನನ್ನ ಮೊಮ್ಮಗಳಿಗೆ ಈಗ ಮೂರು ವರ್ಷ. ಐದು ತಿಂಗಳ ಕೂಸಾಗಿದ್ದಾಗ ಅವಳ ತಲೆಯ ಹಿಂಬದಿಯ ಬಲಭಾಗ ಅಂಗೈಯಿಂದ ಒತ್ತಿದಂತೆ ಚಪ್ಪಟೆಯಾಗಿತ್ತು; ಬಲಗಿವಿ ಎಡಗಿವಿಗಿಂತ ಸ್ವಲ್ಪ ಮುಂದೆ ಸರಿದಿತ್ತು; ಎದುರಿನಿಂದ ನೋಡಿದರೆ ಹಣೆಯ ಆ ಬದಿ ಉಬ್ಬಿದಂತೆ ತೋರುತ್ತಿತ್ತು. ಹೆಲ್ಮೆಟ್ ತೊಡಿಸುವ ಬಗ್ಗೆ ಯೋಚಿಸಿ ಎಂದು ಮಕ್ಕಳ ತಜ್ಞರು ಹೇಳಿದಾಗ ನಮ್ಮ ಮನೆಯಲ್ಲಿ ಮೊದಲು ವಿರೋಧಿಸಿದವನು ನಾನೇ. ನಿಮ್ಮ ಮೊದಲನೆಯ ಪತ್ರಲೇಖಕರು ಬರೆದ ಮಾತನ್ನೇ, ಹೆಚ್ಚುಕಡಿಮೆ ಅದೇ ಪದಗಳಲ್ಲಿ, ನಾನೂ ಆಡಿದ್ದೆ. ಮಗಳು ಸಿಟ್ಟಾಗಲಿಲ್ಲ. "ಅಪ್ಪಾ, ಹೋದ ವರ್ಷ ನಿಮ್ಮ ಕಣ್ಣಿಗೆ ಪೊರೆ ಬಂದಾಗ ದೇವರು ಕೊಟ್ಟ ಕಣ್ಣು ಅಂತ ಹಾಗೇ ಬಿಟ್ಟಿರಾ?" ಎಂದಷ್ಟೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಎರಡು ದಿನ ಮುಖ ಊದಿಸಿಕೊಂಡೇ ಓಡಾಡಿದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಈ ಚಪ್ಪಟೆತನ ಏಕೆ ಬರುತ್ತದೆ ಎಂಬುದನ್ನು ತಿಳಿಯದೆ ನಾವು ಹಿರಿಯರು ತಾಯಂದಿರನ್ನು ದೂರುತ್ತೇವೆ. ಹುಟ್ಟಿದ ಮಗುವಿನ ತಲೆಬುರುಡೆ ಒಂದೇ ಮೂಳೆಯಲ್ಲ. ನಡುವೆ ಸಂದುಗಳನ್ನು ಉಳಿಸಿಕೊಂಡ ಹಲವು ಮೂಳೆಫಲಕಗಳ ಜೋಡಣೆ. ಆ ಸಂದುಗಳಿರುವುದರಿಂದಲೇ ತಲೆ ಹೆರಿಗೆಯ ದಾರಿಯಲ್ಲಿ ಹೊಂದಿಕೊಂಡು ಹೊರಬರುತ್ತದೆ, ಆಮೇಲೆ ಬೆಳೆಯುವ ಮಿದುಳಿಗೆ ಜಾಗ ಕೊಡುತ್ತದೆ. ಹುಟ್ಟುವಾಗ ಸುಮಾರು 35 ಸೆಂಟಿಮೀಟರ್ ಇರುವ ತಲೆಯ ಸುತ್ತಳತೆ ವರ್ಷ ತುಂಬುವಾಗ 46ರ ಆಸುಪಾಸಿಗೆ ಬರುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಮೊದಲ ಆರು ತಿಂಗಳಲ್ಲೇ. ಇಷ್ಟು ವೇಗವಾಗಿ ಬೆಳೆಯುವ, ಇಷ್ಟು ಮೆತ್ತಗಿರುವ ತಲೆ ದಿನದ ಬಹುಭಾಗ ಒಂದೇ ಕಡೆಗೆ ಒರಗಿದ್ದರೆ ಆ ಕಡೆ ಬೆಳವಣಿಗೆ ತಡೆಯುತ್ತದೆ, ಉಳಿದ ಕಡೆಗೆ ಹರಿಯುತ್ತದೆ. ವೈದ್ಯರು ಇದನ್ನು ಪ್ಲೇಜಿಯೋಸೆಫಲಿ ಎನ್ನುತ್ತಾರೆ. ತಲೆಯ ಹಿಂಬದಿ ಪೂರ್ತಿ ಸಮತಟ್ಟಾದರೆ ಅದು ಬ್ರ್ಯಾಕಿಸೆಫಲಿ.

1992ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಹಸುಳೆಗಳನ್ನು ಬೋರಲು ಮಲಗಿಸಬಾರದೆಂದು ಸೂಚಿಸಿತು. 1994ರಲ್ಲಿ ಅಂಗಾತ ಮಲಗಿಸುವಂತೆ ಅಲ್ಲಿ ದೊಡ್ಡ ಪ್ರಚಾರವೇ ನಡೆಯಿತು, ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಹಸುಳೆಗಳ ಪ್ರಮಾಣ ಮುಂದಿನ ವರ್ಷಗಳಲ್ಲಿ ಅರ್ಧಕ್ಕೂ ಕೆಳಗಿಳಿಯಿತು. ಅದರ ಬೆನ್ನಿಗೇ ಚಪ್ಪಟೆ ತಲೆಯ ಮಕ್ಕಳ ಸಂಖ್ಯೆ ಹೆಚ್ಚಿತು. ಅಂದರೆ, ಜೀವ ಉಳಿಸುವ ಅಭ್ಯಾಸವೊಂದರ ಜೊತೆಗೆ ಬಂದ ಸಣ್ಣ ತೊಡಕಿದು. ತಾಯಿಯ ಉದಾಸೀನದ ಫಲವಲ್ಲ, ಯಾರ ಪಾಪದ ಫಲವೂ ಅಲ್ಲ. ಹೆಲ್ಮೆಟ್ ತೊಟ್ಟ ಮೇಲೂ ಮಗುವನ್ನು ಅಂಗಾತವೇ ಮಲಗಿಸಬೇಕು. ತಲೆಯ ಆಕಾರದ ಚಿಂತೆಯಲ್ಲಿ ರಾತ್ರಿ ಬೋರಲು ಮಲಗಿಸುವುದಾಗಲಿ, ತಲೆಯ ಪಕ್ಕಕ್ಕೆ ದಿಂಬು ಒತ್ತರಿಸುವುದಾಗಲಿ ಅಪಾಯ ಎಂದು ನಮ್ಮ ವೈದ್ಯರು ಎರಡು ಸಲ ಹೇಳಿದ್ದರು, ಎರಡನೆಯ ಸಲ ನನ್ನ ಮುಖ ನೋಡಿ.

ಹೆಲ್ಮೆಟ್ ಮೊದಲ ಮದ್ದಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಮಗುವಿನ ಕುತ್ತಿಗೆಯ ಒಂದು ಬದಿಯ ಸ್ನಾಯು ಬಿಗಿದಿತ್ತು; ಟಾರ್ಟಿಕಾಲಿಸ್ ಎಂದು ಅದರ ಹೆಸರು. ಹಾಗಾಗಿ ಅವಳು ಯಾವಾಗಲೂ ಬಲಕ್ಕೇ ತಿರುಗಿ ಮಲಗುತ್ತಿದ್ದಳು. ಫಿಸಿಯೋಥೆರಪಿಸ್ಟ್ ಕಲಿಸಿಕೊಟ್ಟ ಹಾಗೆ ಎರಡು ತಿಂಗಳು ಕುತ್ತಿಗೆಯ ವ್ಯಾಯಾಮ ಮಾಡಿಸಿದ್ದೂ, ಎಚ್ಚರವಿದ್ದಾಗ ಕಣ್ಣೆದುರೇ ಬೋರಲು ಹಾಕಿ ಆಡಿಸಿದ್ದೂ, ಗಿಲಕಿಯನ್ನು ಎಡಬದಿಯಲ್ಲೇ ಅಲ್ಲಾಡಿಸಿದ್ದೂ ಆಯಿತು. ಕುತ್ತಿಗೆ ಸಡಿಲವಾಯಿತು, ತಲೆಯ ಆಕಾರ ಮಾತ್ರ ಸಾಕಷ್ಟು ಸರಿಹೋಗಲಿಲ್ಲ. ಆಮೇಲಷ್ಟೇ ಹೆಲ್ಮೆಟ್‌ನ ಮಾತು ಬಂದದ್ದು.

ಇದು ಎಲ್ಲ ಮಕ್ಕಳಿಗೂ ಬೇಕು ಎಂದು ವಾದಿಸಲು ನಾನು ಪತ್ರ ಬರೆಯುತ್ತಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 84 ಹಸುಳೆಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಧ್ಯಮದಿಂದ ಸ್ವಲ್ಪ ತೀವ್ರ ಮಟ್ಟದ ಚಪ್ಪಟೆತನವಿದ್ದ ಮಕ್ಕಳಲ್ಲಿ ಹೆಲ್ಮೆಟ್ ತೊಟ್ಟವರಿಗೂ ತೊಡದವರಿಗೂ ಎರಡು ವರ್ಷದ ಹೊತ್ತಿಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಅತಿ ತೀವ್ರವಾದ ಪ್ರಕರಣಗಳನ್ನೂ ಕುತ್ತಿಗೆ ಬಿಗಿದ ಮಕ್ಕಳನ್ನೂ ಆ ಅಧ್ಯಯನ ಒಳಗೊಂಡಿರಲಿಲ್ಲ. 2016ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಟನೆಯೊಂದು ಹೊರಡಿಸಿದ ಮಾರ್ಗಸೂಚಿಯು, ಮಗ್ಗುಲು ಬದಲಿಸುವ ಉಪಾಯ ಮತ್ತು ಫಿಸಿಯೋಥೆರಪಿಯ ನಂತರವೂ ಉಳಿಯುವ ಮಧ್ಯಮ ಹಾಗೂ ತೀವ್ರ ಚಪ್ಪಟೆತನಕ್ಕೆ ಹೆಲ್ಮೆಟ್ ಅನ್ನು ಶಿಫಾರಸು ಮಾಡಿತು. ಚಪ್ಪಟೆತನದಿಂದ ಮಿದುಳಿಗೆ ಪೆಟ್ಟಿಲ್ಲ, ಇದು ಮುಖ್ಯವಾಗಿ ಆಕಾರದ ಪ್ರಶ್ನೆ ಎಂದು ವೈದ್ಯರು ನಮಗೆ ಬಿಡಿಸಿ ಹೇಳಿದರು. ಬೇಡವೆಂದು ನಿರ್ಧರಿಸಿದ ತಂದೆತಾಯಿಯೂ ತಪ್ಪಿತಸ್ಥರಲ್ಲ. ತಲೆಯ ಸಂದುಗಳು ಹೊತ್ತಿಗೆ ಮುಂಚೆಯೇ ಬೆಸೆದುಕೊಳ್ಳುವ ಕ್ರೇನಿಯೋಸಿನೊಸ್ಟೋಸಿಸ್ ಬೇರೆಯೇ ಸಂಗತಿ. ಅದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕು. ಎಂಡೋಸ್ಕೋಪ್ ಎಂಬ ತೆಳು ಕ್ಯಾಮೆರಾ ಕೊಳವೆ ಬಳಸಿ ಚಿಕ್ಕ ಗಾಯದಲ್ಲಿ ಮಾಡುವ ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ತೊಡುವ ಹೆಲ್ಮೆಟ್ ಚಿಕಿತ್ಸೆಯ ಅರ್ಧಭಾಗವೇ ಆಗಿರುತ್ತದೆ, ಅಲ್ಲಿ ಬೇಕು ಬೇಡಗಳ ಚರ್ಚೆಗೆ ಎಡೆಯಿಲ್ಲ. ಆದ್ದರಿಂದ ಮನೆಯಲ್ಲಿ ವಾದ ಹೂಡುವ ಮುನ್ನ ಮಗುವಿಗಿರುವುದು ಯಾವುದು ಎಂದು ತಜ್ಞರಿಂದ ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ.

ನನ್ನ ಮನಸ್ಸು ಬದಲಾದದ್ದು ವಾದದಿಂದಲ್ಲ. ಹೆಲ್ಮೆಟ್ ತಯಾರಿಸುವ ಆರ್ಥೋಟಿಸ್ಟ್ ಅದನ್ನು ತಿರುಗಿಸಿ ಒಳಭಾಗ ತೋರಿಸಿದರು. ಹೊರಗೆ ಗಟ್ಟಿ ಪ್ಲಾಸ್ಟಿಕ್ ಕವಚ, ಒಳಗೆ ಮೆತ್ತನೆಯ ಫೋಮ್. ತಲೆ ಉಬ್ಬಿದ ಕಡೆ ಫೋಮ್ ಹಗುರವಾಗಿ ತಾಗುತ್ತದೆ, ಚಪ್ಪಟೆಯಿರುವ ಕಡೆ ಬೇಕೆಂದೇ ಖಾಲಿ ಜಾಗ ಬಿಟ್ಟಿರುತ್ತಾರೆ. ಹೆಲ್ಮೆಟ್ ತಲೆಯನ್ನು ಹಿಂಡುತ್ತದೆ ಎಂದು ನಾನು ತಿಳಿದಿದ್ದೆ. ಅದು ಹಿಂಡುವುದಿಲ್ಲ, ಹೇಗೂ ಬೆಳೆಯಲಿರುವ ತಲೆಗೆ ಯಾವ ಕಡೆ ಬೆಳೆಯಬೇಕೆಂದು ದಾರಿ ಬಿಟ್ಟುಕೊಟ್ಟು ಕಾಯುತ್ತದೆ. ಬೆಳೆಸುವ ಕೆಲಸ ನಮ್ಮ ಕೈಯಲ್ಲಿಲ್ಲ, ಜಾಗ ಮಾಡಿಕೊಡುವ ಕೆಲಸ ಮಾತ್ರ ನಮ್ಮದು. ದೇವರ ಮೇಲೆ ಭಾರ ಹಾಕುವ ಸ್ವಭಾವದ ನನಗೆ ಇದು ಚಿರಪರಿಚಿತ ವಿಚಾರವೇ ಆಗಿತ್ತು. ಹೆಲ್ಮೆಟ್ ಚಿಕಿತ್ಸೆಯ ಮೊದಲ ವೈದ್ಯಕೀಯ ವರದಿ ಪ್ರಕಟವಾದದ್ದು 1979ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 3ರಿಂದ 18 ತಿಂಗಳ ಹಸುಳೆಗಳಿಗೆಂದು ಇಂಥ ಸಾಧನಗಳನ್ನು ನಿಯಮಕ್ಕೊಳಪಡಿಸಿದ್ದು 1998ರಲ್ಲಿ ಎಂದು ಆಮೇಲೆ ಓದಿಕೊಂಡೆ. ಇದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಶನ್ ಎಂಬ ನನ್ನ ಇನ್ನೊಂದು ಆಕ್ಷೇಪವೂ ಅಲ್ಲಿಗೆ ಬಿದ್ದುಹೋಯಿತು.

ಇನ್ನು ಹೊಂದಿಕೊಳ್ಳುವ ವಿಷಯ. ಹೆಲ್ಮೆಟ್‌ಗೆ ಮಗು ಹೊಂದಿಕೊಳ್ಳಲು ಹೆಚ್ಚೆಂದರೆ ಒಂದು ವಾರ ಬೇಕಾಯಿತು, ಮನೆಯವರಿಗೆ ಒಂದು ತಿಂಗಳು ಹಿಡಿಯಿತು.

ದಿನಕ್ಕೆ 23 ಗಂಟೆ ತೊಡಿಸಬೇಕು ಎಂಬ ಮಾತು ಕೇಳಿದೊಡನೆ ಎದೆ ಧಸಕ್ಕೆನ್ನುತ್ತದೆ, ಆದರೆ ಮೊದಲ ದಿನವೇ ಯಾರೂ ಅಷ್ಟು ಹೊತ್ತು ತೊಡಿಸುವುದಿಲ್ಲ. ನಮಗೆ ಕೊಟ್ಟ ಪಟ್ಟಿಯಲ್ಲಿ ಮೊದಲ ದಿನ ಒಂದು ಗಂಟೆ ತೊಡಿಸಿ ಒಂದು ಗಂಟೆ ತೆಗೆಯುವುದು, ಎರಡನೆಯ ದಿನ ಎರಡು ಗಂಟೆ ತೊಡಿಸಿ ಒಂದು ಗಂಟೆ ತೆಗೆಯುವುದು, ಮೂರನೆಯ ದಿನ ನಾಲ್ಕು ಗಂಟೆ, ಅದರೊಳಗೆ ಒಂದು ಹಗಲು ನಿದ್ದೆ, ಹೀಗೆ ಏರುತ್ತ ಹೋಗಿ ವಾರದ ಕೊನೆಗೆ ರಾತ್ರಿಯೂ ಸೇರಿ ಪೂರ್ತಿ ಹೊತ್ತಿಗೆ ಬರುವ ವ್ಯವಸ್ಥೆಯಿತ್ತು. ಬೇರೆಯವರ ಪಟ್ಟಿ ಬೇರೆಯಿರಬಹುದು, ತಮಗೆ ಕೊಟ್ಟದ್ದನ್ನೇ ಅನುಸರಿಸಬೇಕು. ಪ್ರತಿಸಲ ತೆಗೆದಾಗಲೂ ಬೆಳಕಿನಲ್ಲಿ ತಲೆಯ ಚರ್ಮವನ್ನು ನೋಡಬೇಕು. ತಾಗಿದ ಕಡೆ ನಸುಗೆಂಪು ಗುರುತು ಬೀಳುವುದು ಸಹಜ. ಅದು ಒಂದು ಗಂಟೆಯೊಳಗೆ ಮಾಯವಾದರೆ ಭಯವಿಲ್ಲ, ಮಾಯವಾಗದಿದ್ದರೆ, ಗುಳ್ಳೆಯೆದ್ದರೆ, ಚರ್ಮ ಸುಲಿದರೆ ಮತ್ತೆ ತೊಡಿಸದೆ ಆರ್ಥೋಟಿಸ್ಟ್‌ಗೆ ಹೇಳಬೇಕು. ಮೂರನೆಯ ದಿನ ಕಿವಿಯ ಮೇಲ್ಗಡೆ ಅಂಥದೊಂದು ಕೆಂಪು ಉಳಿದುಬಿಟ್ಟಿತ್ತು. ಮಗಳು ಗಾಬರಿಯಾಗಿ ಹೆಲ್ಮೆಟ್ಟನ್ನೇ ಮೂಲೆಗೆಸೆಯುವ ಹಂತಕ್ಕೆ ಬಂದಿದ್ದಳು. ಮರುದಿನ ಒಳಗಿನ ಫೋಮನ್ನು ಕೂದಲೆಳೆಯಷ್ಟು ಕೆತ್ತಿಕೊಟ್ಟರು, ಸಮಸ್ಯೆ ಮುಗಿಯಿತು.

ಮೊದಮೊದಲು ಮಗುವಿಗೆ ಬೆವರು ಸುರಿಯುತ್ತದೆ. ತಲೆಯಿಂದ ಹೊರಹೋಗುತ್ತಿದ್ದ ಶಾಖಕ್ಕೆ ಅಡ್ಡಿಯಾದಾಗ ಮೈ ಬೇರೆ ದಾರಿ ಕಂಡುಕೊಳ್ಳಲು ಕೆಲವು ದಿನ ಬೇಕು. ಆ ದಿನಗಳಲ್ಲಿ ಒಂದು ಪದರ ಬಟ್ಟೆ ಕಡಿಮೆ ಮಾಡಿ, ಆಗಾಗ ತೆಗೆದು ತಲೆಯನ್ನೂ ಹೆಲ್ಮೆಟ್‌ನ ಒಳಭಾಗವನ್ನೂ ಒಣಬಟ್ಟೆಯಿಂದ ಒರೆಸಿ ತಕ್ಷಣ ತೊಡಿಸುತ್ತಿದ್ದೆವು. ಎಣ್ಣೆ, ಪೌಡರ್, ಕ್ರೀಮು ಯಾವುದನ್ನೂ ಹೆಲ್ಮೆಟ್‌ನ ಅಡಿಗೆ ಹಚ್ಚಬಾರದು. ಜಾರುತ್ತದೆ, ಚರ್ಮ ಮೆತ್ತಗಾಗಿ ಕೆರಳುತ್ತದೆ. ದಿನಕ್ಕೆ ಒಂದು ಗಂಟೆಯ ಬಿಡುವಿನಲ್ಲಿ ತಲೆಸ್ನಾನ, ಹೆಲ್ಮೆಟ್ ತೊಳೆದು ಗಾಳಿಗೆ ಒಣಗಿಸುವುದು, ಎಲ್ಲರೂ ಸರದಿಯಲ್ಲಿ ಆ ಬೋಳುನೆತ್ತಿಗೆ ಮುತ್ತಿಡುವುದು, ಎಲ್ಲ ಮುಗಿಯಬೇಕು. ಒದ್ದೆಯಿರುವಾಗಲೇ ತೊಡಿಸಬಾರದು, ಬೇಗ ಒಣಗಲೆಂದು ಬಿಸಿಗೂ ಒಡ್ಡಬಾರದು. ಎಷ್ಟು ತೊಳೆದರೂ ಒಂದು ಬಗೆಯ ಹುಳಿ ವಾಸನೆ ಉಳಿಯುತ್ತದೆ. ಅದನ್ನು ಯಾರೂ ಮುಂಚೆ ಹೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳುತ್ತಿದ್ದೇನೆ. ಮಗುವಿನ ತಲೆಯ ಪರಿಮಳವನ್ನೇ ಕಳೆದುಕೊಂಡೆ ಎಂದು ಮಗಳು ಅತ್ತದ್ದು ಆ ದಿನಗಳಲ್ಲಿಯೇ.

ಜ್ವರ ಬಂದರೆ ತೆಗೆದು ವೈದ್ಯರನ್ನು ಕೇಳಬೇಕು. ಹಾಲೂಡಿಸುವಾಗ ಹೆಲ್ಮೆಟ್‌ನ ಅಂಚು ತಾಯಿಯ ತೋಳಿಗೆ ಒತ್ತುತ್ತದೆ, ಮಡಿಸಿದ ಬಟ್ಟೆ ಇಟ್ಟುಕೊಂಡರೆ ಸಾಕು. ತಲೆ ತುಸು ಭಾರವಾದದ್ದರಿಂದ ಮಗು ಮೊದಲೆರಡು ದಿನ ಮಗುಚಿಕೊಳ್ಳುವಾಗ ತಡವರಿಸುತ್ತದೆ, ಆಮೇಲೆ ಆ ಭಾರವನ್ನೇ ಮರೆಯುತ್ತದೆ. ಎರಡು ಮೂರು ವಾರಕ್ಕೊಮ್ಮೆ ಅಳತೆ ತೆಗೆಸಿ ಒಳಗನ್ನು ಸರಿಪಡಿಸಿಕೊಂಡು ಬರಬೇಕು. ಅಯ್ಯೋ ಪಾಪ ಎಂದು ದಿನಕ್ಕೆ ನಾಲ್ಕು ಗಂಟೆ ಬಿಡುವು ಕೊಟ್ಟವರಿಗೆ ನಾಲ್ಕು ತಿಂಗಳ ಚಿಕಿತ್ಸೆ ಆರು ತಿಂಗಳಿಗೆ ಎಳೆಯಬಹುದು, ಎಷ್ಟೋ ದಿನ ತೆಗೆದಿಟ್ಟರೆ ಹೆಲ್ಮೆಟ್ ತಲೆಗೆ ಕೂರದೆಯೂ ಹೋಗಬಹುದು.

ನಿಮ್ಮ ಎರಡನೆಯ ಪತ್ರಲೇಖಕರಿಗೆ ನನ್ನ ಉತ್ತರ ಈ ದಿನಚರಿಯೊಳಗೇ ಇದೆ. ಮೊದಲ ದಿನ ಹೆಲ್ಮೆಟ್ ತೊಡಿಸಲು ಹೋದಾಗ ಮಗಳ ಕೈ ನಡುಗುತ್ತಿತ್ತು. ಪಕ್ಕದ ಸೀಳನ್ನು ಎರಡೂ ಕೈಯಿಂದ ಅಗಲಿಸಿ, ಕೂಸಿನ ಕಿವಿ ಮಡಚದಂತೆ ಓರೆಯಾಗಿ ಇಳಿಸಿ, ನೇರ ಮಾಡಿ, ವೆಲ್ಕ್ರೋ ಪಟ್ಟಿಯನ್ನು ಗುರುತಿನವರೆಗೆ ಎಳೆದು ಅಂಟಿಸಬೇಕು. ಕೈ ನಡುಗಿದರೆ ಪಟ್ಟಿ ಸೊಟ್ಟಗಾಗುತ್ತದೆ, ಸೊಟ್ಟಗಾದರೆ ಒಂದೆಡೆ ಒತ್ತುತ್ತದೆ, ಮಗು ಕಿರುಚುತ್ತದೆ, ಕಿರುಚಿದರೆ ಕೈ ಇನ್ನೂ ನಡುಗುತ್ತದೆ. ನಾನು ಪಕ್ಕದಲ್ಲಿ ಕೂತವನು ಬೇರೇನೂ ತೋಚದೆ, ದಿನವೂ ಬೆಳಿಗ್ಗೆ ಹೇಳಿಕೊಳ್ಳುವ ಪ್ರಾರ್ಥನೆಯ ಎರಡು ಸಾಲನ್ನು ಮೆಲ್ಲಗೆ ರಾಗವಾಗಿ ಹೇಳತೊಡಗಿದೆ. ಮಗಳು ನನ್ನಷ್ಟು ನಂಬುವವಳಲ್ಲ. ಆದರೂ ಅವಳ ಉಸಿರು ಆ ರಾಗದ ಲಯಕ್ಕೆ ಬಂತು, ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಪಟ್ಟಿ ಗುರುತಿಗೆ ಸರಿಯಾಗಿ ಕೂತಿತ್ತು. ಅಂದಿನಿಂದ ಅದೇ ಕ್ರಮವಾಯಿತು. ಮೊದಲ ಸಾಲಿಗೆ ಹೆಲ್ಮೆಟ್ ಇಳಿಸುವುದು, ಎರಡನೆಯದಕ್ಕೆ ಪಟ್ಟಿ ಹಾಕುವುದು. ಐದನೆಯ ದಿನಕ್ಕೆ ಮಗು ಆ ರಾಗ ಕೇಳಿದೊಡನೆ ಕೈಕಾಲು ಬಡಿಯುವುದನ್ನು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡತೊಡಗಿತು.

ಇದನ್ನು ಪವಾಡವೆಂದು ನಾನು ಕರೆಯುವುದಿಲ್ಲ. ಪರಿಚಿತ ಧ್ವನಿ, ಅದೇ ಮಾತು, ಅದೇ ಕ್ರಮ, ಇವು ಹಸುಳೆಯನ್ನು ಸಮಾಧಾನಗೊಳಿಸುತ್ತವೆ ಎಂಬುದು ಯಾವ ಜೋಗುಳ ಹಾಡಿದವರಿಗೂ ಗೊತ್ತು. ನಂಬದವರು ಬೇರೆ ಹಾಡು ಹಾಡಿದರೂ ಮಗುವಿನ ಮಟ್ಟಿಗೆ ಅಷ್ಟೇ ಫಲ ಸಿಕ್ಕೀತು. ಆದರೆ ನಂಬುವವರಿಗೆ ಪ್ರಾರ್ಥನೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ರಾತ್ರಿ ಎರಡು ಗಂಟೆಗೆ ಮಗು ಅತ್ತಾಗ, ತೆಗೆದುಬಿಡೋಣವೇ ಎಂದು ಕೈ ಪಟ್ಟಿಯತ್ತ ಹೋದಾಗ, ಈ ಹೊತ್ತಿನಲ್ಲಿ ಒಬ್ಬನೇ ಇಲ್ಲ ಎಂಬ ಭಾವನೆ ಆ ಕೈಯನ್ನು ತಡೆಯುತ್ತದೆ. ಅತ್ತಾಗಲೆಲ್ಲ ಹೆಲ್ಮೆಟ್ಟೇ ಕಾರಣವಿರುವುದಿಲ್ಲ ಎಂಬುದನ್ನು, ಹಸಿವೋ ಒದ್ದೆಯೋ ಎಂದು ಮೊದಲು ನೋಡಬೇಕೆಂಬುದನ್ನು ನೆನಪಿಸಿಕೊಳ್ಳುವಷ್ಟು ತಾಳ್ಮೆ ನನಗೆ ಬಂದದ್ದು ಅಲ್ಲಿಂದ.

ನಂಬಿಕೆ ಹೇಗೆ ನೆರವಾಗುತ್ತದೆ, ಹೇಗೆ ಅಡ್ಡಿಯಾಗುತ್ತದೆ ಎಂಬುದನ್ನು ಅಭ್ಯಾಸ ಮಾಡಿದ ಕೆನೆತ್ ಪಾರ್ಗಮೆಂಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಕಷ್ಟ ಬಂದಾಗ ಆಸ್ತಿಕರು ನಡೆದುಕೊಳ್ಳುವ ಬಗೆಯನ್ನು 1988ರಲ್ಲಿ ತಮ್ಮ ಸಂಗಡಿಗರೊಂದಿಗೆ ಮೂರಾಗಿ ವಿಂಗಡಿಸಿದ್ದರು. ದೇವರು ಕೊಟ್ಟ ಬುದ್ಧಿಯಿಂದ ತಾವೇ ಎಲ್ಲವನ್ನೂ ಮಾಡಿಕೊಳ್ಳುವವರು ಒಂದು ಬಗೆ; ಎಲ್ಲವನ್ನೂ ದೇವರಿಗೊಪ್ಪಿಸಿ ಕೈಕಟ್ಟಿ ಕೂರುವವರು ಇನ್ನೊಂದು; ದೇವರ ಜೊತೆಗೂಡಿ ತಾವೂ ಕೆಲಸ ಮಾಡುತ್ತೇವೆಂದು ತಿಳಿಯುವವರು ಮೂರನೆಯದು. ಇದನ್ನು ಓದಿದಾಗ ಎರಡನೆಯ ಸಾಲಿನಲ್ಲಿ ನನ್ನನ್ನೇ ಕಂಡೆ. ಹಣೆಬರಹ ಎಂಬ ನಮ್ಮ ಪದವನ್ನು ನಾನು ಎಷ್ಟು ಸಲೀಸಾಗಿ ಬಳಸುತ್ತಿದ್ದೆನೆಂದರೆ, ಮೊಮ್ಮಗಳ ಹಣೆಯ ಮೂಳೆಯೇ ಇನ್ನೂ ಪೂರ್ತಿ ಕೂಡಿಕೊಂಡಿಲ್ಲ, ಬರಹಕ್ಕೆ ಇನ್ನೂ ಜಾಗವಿದೆ ಎಂಬುದು ಹೊಳೆದೇ ಇರಲಿಲ್ಲ.

ಕೆಲವು ಅಡ್ಡಿಗಳನ್ನು ಹೆಸರಿಸಿಯೇ ಹೇಳುತ್ತೇನೆ. ಪವಿತ್ರವೆಂದು ನಂಬಿದ ದಾರವನ್ನೋ ಪದಕವನ್ನೋ ಚೀಟಿಯನ್ನೋ ಹೆಲ್ಮೆಟ್‌ನ ಒಳಗೆ ಸೇರಿಸಬೇಡಿ. ಕೂದಲೆಳೆಯಷ್ಟು ಫೋಮ್ ಹೆಚ್ಚಿದ್ದಕ್ಕೇ ಕೆಂಪಾಗುವ ಚರ್ಮಕ್ಕೆ ಒಂದು ಗಂಟು ಹುಣ್ಣು ಮಾಡಬಲ್ಲದು. ನಂಬಿಕೆಯ ಗುರುತು ಇರಲೇಬೇಕೆನ್ನಿಸಿದರೆ ಹೊರಮೈಗೆ ಒಂದು ಸ್ಟಿಕ್ಕರ್ ಅಂಟಿಸಬಹುದು, ಅದಕ್ಕೂ ಆರ್ಥೋಟಿಸ್ಟ್ ಒಪ್ಪಿಗೆ ಕೇಳಿ. ಪ್ರಾರ್ಥನೆ ಫಲಿಸಿತೇ ನೋಡೋಣ ಎಂದು ನಡುವೆ ಹೆಲ್ಮೆಟ್ ತೆಗೆದಿಟ್ಟು ಪರೀಕ್ಷೆ ಮಾಡುವುದು, ಅಳತೆಯ ದಿನವನ್ನು ಮುಂದೂಡುವುದು ದೇವರನ್ನು ನಂಬುವ ಲಕ್ಷಣವಲ್ಲ. ಇನ್ನು, ಯಾರ ತಪ್ಪಿಗೆ ಈ ಶಿಕ್ಷೆ ಎಂಬ ಮಾತು ಮನೆಯಲ್ಲಿ ಕೇಳಿಬಂದರೆ, ಮನೆಯ ಹಿರಿಯರು ಅಲ್ಲಿಯೇ ಅದನ್ನು ನಿಲ್ಲಿಸಬೇಕು. ಬಾಣಂತಿತನ ಮುಗಿದು ಕೆಲವೇ ತಿಂಗಳಾದ, ನಿದ್ದೆಗೆಟ್ಟ ತಾಯಿಗೆ ಆ ಮಾತಿನ ಭಾರ ಹೆಲ್ಮೆಟ್‌ಗಿಂತ ಎಷ್ಟೋ ಹೆಚ್ಚು. ಅದನ್ನು ನಮ್ಮ ಬಂಧುಗಳೊಬ್ಬರು ಆಡಿದಾಗ ನಾನು ಸುಮ್ಮನಿದ್ದೆ. ಇಂದಿಗೂ ಮಗಳು ಅದನ್ನು ಮರೆತಿಲ್ಲ. ಬಂಧುವಿನ ಮಾತನ್ನಲ್ಲ, ನನ್ನ ಮೌನವನ್ನು.

ಮಗುವನ್ನು ಎತ್ತಿಕೊಂಡು ಮೊದಲ ಸಲ ಪ್ರಾರ್ಥನೆಗೆ ಜನ ಸೇರುವ ಸ್ಥಳಕ್ಕೆ ಹೋದ ದಿನ, ಬೀದಿಯಲ್ಲಿ ಸಿಗದಷ್ಟು ನೋಟಗಳು ಅಲ್ಲಿ ಸಿಕ್ಕವು. ಮಗು ಬಿತ್ತೇ, ತಲೆಗೆ ಆಪರೇಷನ್ ಆಯಿತೇ, ಬುದ್ಧಿಗೇನಾದರೂ ತೊಂದರೆಯೇ ಎಂದು ಕೇಳಿದವರೆಲ್ಲ ಒಳ್ಳೆಯವರೇ. ಮಗಳು ಮಾತ್ರ ಮುಂದಿನ ವಾರ ಬರುವುದಿಲ್ಲ ಎಂದಳು. ಆಶೀರ್ವಾದಕ್ಕೆ ತಲೆಯ ಮೇಲೆ ಕೈಯಿಡಲು ಬಂದ ಒಬ್ಬ ಹಿರಿಯರು, ಇದನ್ನೊಂದಿಷ್ಟು ತೆಗೆಯಮ್ಮ ಎಂದರು. ಅಲ್ಲಿದ್ದ ಧರ್ಮಗುರುಗಳು ಮುಂದೆ ಬಂದು, ಏನೂ ಹೇಳದೆ ಹೆಲ್ಮೆಟ್‌ನ ಮೇಲೆಯೇ ಅಂಗೈಯಿಟ್ಟು ಮಗುವನ್ನು ಹರಸಿದರು. ಆಮೇಲೆ ಮಗಳನ್ನು ಕರೆದು, ಇದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರವಾಗಿ ಕೇಳಿ ತಿಳಿದುಕೊಂಡರು. ಮುಂದಿನ ವಾರ ಆ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಅವರೇ ಎಲ್ಲರಿಗೂ ವಿವರಿಸಿದ್ದರೆಂದು ಊಹಿಸುತ್ತೇನೆ. ಎಲ್ಲ ನಂಬಿಕೆಗಳ ಗುರುಗಳಲ್ಲಿ, ಹಿರಿಯರಲ್ಲಿ ನನ್ನ ಕೋರಿಕೆ ಅಷ್ಟೇ. ತೆಗೆಯಲು ಹೇಳಬೇಡಿ, ಅದರ ಮೇಲೆಯೇ ಹರಸಿ. ಜನದಟ್ಟಣೆಯಲ್ಲಿ ಮಗುವಿಗೆ ಸೆಕೆಯಾಗುತ್ತದೆ, ಗಾಳಿಯಾಡುವ ಕಡೆ ಆ ತಾಯಿಗೆ ಜಾಗ ಬಿಟ್ಟುಕೊಡಿ. ಚಿಕಿತ್ಸೆಯ ದಿನಗಳಲ್ಲಿ ಯಾರಾದರೂ ಒಂದು ಹೊತ್ತು ಮಗುವನ್ನು ನೋಡಿಕೊಂಡು ತಾಯಿಗೆ ನಿದ್ದೆ ಮಾಡಲು ಬಿಟ್ಟರೆ ಅದಕ್ಕಿಂತ ದೊಡ್ಡ ಪ್ರಾರ್ಥನೆ ಇಲ್ಲ.

ನಾಲ್ಕೂವರೆ ತಿಂಗಳ ನಂತರ ನಮ್ಮ ಮಗುವಿನ ತಲೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದ ಎರಡು ಅಳತೆಗಳ ನಡುವಿನ ವ್ಯತ್ಯಾಸ 14 ಮಿಲಿಮೀಟರ್‌ನಿಂದ 6ಕ್ಕೆ ಇಳಿದಿತ್ತು. ಸೊನ್ನೆಯಾಗಲಿಲ್ಲ. ಅಷ್ಟು ತಿಂಗಳು ಬೇಡಿಕೊಂಡದ್ದು ಪೂರ್ತಿ ದುಂಡಾದ ತಲೆಗಾಗಿ ಎಂಬುದರಿಂದ ನನಗೆ ಒಳಗೊಳಗೇ ನಿರಾಸೆಯಾಯಿತು. ಆರ್ಥೋಟಿಸ್ಟ್ ನಕ್ಕು, ನಿಮ್ಮ ತಲೆಯನ್ನೂ ಅಳೆಯೋಣವೇ ಎಂದರು. ಅಳೆಸಿಕೊಳ್ಳಲು ಧೈರ್ಯ ಬರಲಿಲ್ಲ. ಹೆಲ್ಮೆಟ್ ತೆಗೆದ ಮೊದಲ ರಾತ್ರಿ ಮಗು ನಿದ್ದೆ ಮಾಡದೆ ಹೊರಳಾಡಿತು. ಬರಿದಾದ ತಲೆಗೆ ಹೊಂದಿಕೊಳ್ಳಲೂ ಅದಕ್ಕೆ ಎರಡು ದಿನ ಬೇಕಾಯಿತು. ಅಷ್ಟು ದಿನವೂ ಪಟ್ಟಿಯಿಲ್ಲದಿದ್ದರೂ ಆ ಎರಡು ಸಾಲನ್ನು ಹೇಳಿಯೇ ಮಲಗಿಸಿದೆವು.

ತಮ್ಮಲ್ಲಿ ಒಂದು ವಿನಂತಿಯಿದೆ. ಆ ಲೇಖನದ ಜೊತೆ ತಾವು ಅಳುತ್ತಿರುವ, ಹೆಲ್ಮೆಟ್ ತೊಟ್ಟ ಮಗುವಿನ ಚಿತ್ರವನ್ನು ಹಾಕಿದ್ದಿರಿ. ಮುಂದಿನ ಸಲ ಈ ವಿಷಯ ಬರೆಸುವಾಗ ಆ ಚಿತ್ರದ ಬದಲು ಹೆಲ್ಮೆಟ್‌ನ ಒಳಭಾಗದ ಚಿತ್ರವನ್ನೂ, ಮಾಯವಾಗುವ ನಸುಗೆಂಪಿಗೂ ಮಾಯವಾಗದ ಕೆಂಪಿಗೂ ಇರುವ ವ್ಯತ್ಯಾಸ ತೋರಿಸುವ ಚಿತ್ರವನ್ನೂ ಪ್ರಕಟಿಸಬೇಕು. ಮೂರನೆಯ ದಿನದ ರಾತ್ರಿ ನಮ್ಮ ಮನೆಯಲ್ಲಿ ಅಂಥದೊಂದು ಚಿತ್ರವಿದ್ದಿದ್ದರೆ ಬೆಳಗಾಗುವವರೆಗೆ ದೀಪ ಹಚ್ಚಿಕೊಂಡು ಕಾಯುವುದು ತಪ್ಪುತ್ತಿತ್ತು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಜ್ಜ